ನೀರು ಹಾಕದ ಕೋಳಿ

ಬಾಯಲ್ಲಿದ್ದ ಕೋಳಿಯ ತುಂಡನ್ನು ಕರುಣಾ ತೆಗೆದು ತಟ್ಟೆಯ ಅಂಚಿಗಿಟ್ಟಳು. "ಇಳಿವಲ್ದವ್ವಾ. ಗಂಟಲಾಗ ಕಟಿಗಿ ಸಿಕ್ಕಂಗ ಆಗ್ತೈತಿ. ಒಂದ್ ಗುಟುಕ ನೀರ ಕೊಡು."

"ನೀರಂತ ನೀರು!" ಕೋಣೆಯ ಹೊಸ್ತಿಲಲ್ಲಿ ರಾಟೆ ಇಟ್ಟುಕೊಂಡು ಸೀರೆಯ ನೂಲು ಸುತ್ತುತ್ತಿದ್ದ ಅಜ್ಜಿ ಬುಚ್ಚಮ್ಮ ತಲೆ ಎತ್ತದೆ ಅಂದಳು. "ಹಸಿ ಬಾಣ್ತಿ ನೀರ ಕುಡದ್ರ ಹೊಟ್ಟಿ ಬರ್ತೈತಿ, ಕೂಸಿಗಿ ನೆಗಡಿ ಆಗ್ತೈತಿ. ಒಣಗ ಹುರದಿದ್ದೇ ಉಣ್ಣಬೇಕು."

"ದವಾಖಾನಿ ಸಿಸ್ಟರಮ್ಮ ಕುಡಿ ಅಂದಾಳಜ್ಜಿ."

"ಆಕಿ ಹಡದಾಳೇನು?"

"ಮೂರು ಹಡದಾಳಂತ."

"ಹಂಗಾರ ಆಕಿ ಹೊಟ್ಟಿ ನೋಡ್ಬೇಕಿತ್ತು ನೀ."

ಕರುಣಾಗೆ ನಗು ಬಂತು, ಆದರೆ ಒಣಗಿ ಒಡೆದ ತುಟಿಗಳಿಂದ ನಗಲಾಗಲಿಲ್ಲ. ಅಷ್ಟರಲ್ಲಿ ತೊಟ್ಟಿಲ ಕೂಸು ಅತ್ತಿತು. ಎದೆಗೆ ಹಚ್ಚಿಕೊಂಡರೆ ನಾಲ್ಕು ಸಲ ಚೀಪಿ, ಬಿಟ್ಟು, ಮತ್ತೆ ಅತ್ತಿತು. ಹಾಲು ಸಾಲುತ್ತಿರಲಿಲ್ಲ. ತಾಯಿ ನರಸಿಂಹಮ್ಮ ಮಗಳನ್ನು ನೋಡಿದಳು, ಹೊಸ್ತಿಲಲ್ಲಿದ್ದ ಅತ್ತೆಯನ್ನು ನೋಡಿದಳು. ಓಣಿಯ ಎಷ್ಟೋ ಬಾಣಂತನಗಳು ಅತ್ತೆಯ ಕೈಯಿಂದ ಆಗಿದ್ದವು. ಆಕೆಯ ಮಾತು ಮೀರುವಂತಿರಲಿಲ್ಲ, ಆಕೆಯನ್ನು ದಾಟಿ ಒಂದು ಲೋಟ ನೀರು ಒಳಗೆ ತರುವಂತೆಯೂ ಇರಲಿಲ್ಲ.

ಮರುದಿನ ನರಸಿಂಹಮ್ಮ ಕೋಳಿಯನ್ನು ತುಂಡು ಮಾಡಲಿಲ್ಲ. ಎಳೆಯ ಜವಾರಿ ಕೋಳಿ. ಇಡಿಯಾಗಿ ತೊಳೆದು ಒರೆಸಿ, ಅತ್ತೆ ಹೇಳಿದಷ್ಟೇ ಮೆಣಸು, ಬೆಳ್ಳುಳ್ಳಿ, ಅರಿಶಿಣ, ಉಪ್ಪು ಒಳಗೂ ಹೊರಗೂ ಸವರಿದಳು. ಉದ್ದನೆಯ ಸ್ಟೀಲ್ ಲೋಟಕ್ಕೆ ನೀರು ತುಂಬಿ ಚಿಟಿಕೆ ಅಜವಾನ ಹಾಕಿ ಗಡಿಗೆಯ ನಡುವೆ ಇಟ್ಟಳು. ಅದರ ಮೇಲೆ ಕೋಳಿಯನ್ನು ನೆಟ್ಟಗೆ ಕೂರಿಸಿದಳು. ಲೋಟ ಅದರ ಹೊಟ್ಟೆಯೊಳಗೆ ಹೋಯಿತು. ತಾಟು ಮುಚ್ಚಿ, ಸುತ್ತ ಜೋಳದ ಹಿಟ್ಟು ಮೆತ್ತಿ, ಒಲೆಗೇರಿಸಿ, ಕೆಂಡಕ್ಕೆ ಬೂದಿ ಎಳೆದಳು. ಬಟ್ಟೆ ಒಗೆದು, ಕೂಸಿಗೆ ಎರೆದು, ಮಲಗಿಸಿ ಬರುವವರೆಗೂ ಅದನ್ನು ಮುಟ್ಟಲಿಲ್ಲ.

ಹಿಟ್ಟು ಒಡೆದು ತಾಟು ತೆಗೆದಾಗ ಘಮ ಪಡಸಾಲೆಯವರೆಗೂ ಹೋಯಿತು. ಬುಚ್ಚಮ್ಮ ರಾಟೆ ಬಿಟ್ಟು ಬಂದಳು.

"ಇದೇನಬೇ, ತಹಶೀಲ್ದಾರ ಕುರ್ಚಿ ಮ್ಯಾಲ ಕುಂತಂಗ ಕುಂತೈತಿ?"

"ಕೋಳಿಗಿ ಒಂದ್ ಹನಿ ನೀರ ಹಾಕಿಲ್ರಿ ಅತ್ತಿ," ಎಂದಳು ನರಸಿಂಹಮ್ಮ. ಕೋಳಿಯನ್ನು ಲೋಟದಿಂದ ಎತ್ತಿ ತಟ್ಟೆಗಿಟ್ಟು, ತೊಡೆ ಹಿಡಿದು ಎಳೆದರೆ ಮಾಂಸ ಮೂಳೆಯಿಂದ ತಾನೇ ಬಿಟ್ಟುಬಂತು. ರಸ ಆಕೆಯ ಬೆರಳ ಸಂದಿಯಿಂದ ಮುಂಗೈಗೆ ಇಳಿಯಿತು.

ಕರುಣಾ ಗಬಗಬನೆ ತಿಂದಳು. ಗಲ್ಲಕ್ಕೆ ಇಳಿದದ್ದನ್ನು ಬೆರಳಿಂದ ಬಳಿದು ಬಾಯಿಗಿಟ್ಟುಕೊಂಡಳು. ಕೊನೆಗೆ ತಟ್ಟೆ ಎತ್ತಿ, ತಳದ ರಸವನ್ನು ಕಣ್ಣು ಮುಚ್ಚಿ ಕುಡಿದಳು.

ಬುಚ್ಚಮ್ಮ ಗಡಿಗೆಯೊಳಗೆ ಬಗ್ಗಿ, ಸೆರಗಿನಿಂದ ಲೋಟ ಹಿಡಿದು ಮೇಲಕ್ಕೆತ್ತಿದಳು. ಅರ್ಧ ಖಾಲಿಯಾಗಿತ್ತು.

"ಇದರಾಗಿನ ನೀರ ಎಲ್ಲಿ ಹೋತು, ನರಸಮ್ಮ?"

"ಉಗಿ ಆಗಿ ಹೋತ್ರಿ."

"ಹೋಗಿ ಎಲ್ಲಿ ಕುಂತಿತು?"

ನರಸಿಂಹಮ್ಮ ತಾಟಿಗೆ ಮೆತ್ತಿದ್ದ ಹಿಟ್ಟು ಕೆರೆಯತೊಡಗಿದಳು. ಸೊಸೆಯ ಕಿವಿ ಕೆಂಪಾದದ್ದನ್ನು ಬುಚ್ಚಮ್ಮ ನೋಡಿದಳು. ಖಾಲಿ ತಟ್ಟೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ ಮೊಮ್ಮಗಳನ್ನು ನೋಡಿದಳು. ಮೆಲ್ಲಗೆ ಆಕೆಯ ಪಕ್ಕ ಕೂತು, ಲೋಟವನ್ನು ಊದಿ ಆರಿಸಿ, ಆಕೆಯ ಕೈಗಿಟ್ಟಳು.

"ಕುಡಿ."

ಕರುಣಾ ಕುಡಿಯುವಾಗ ಬುಚ್ಚಮ್ಮ ಗೋಡೆ ಕಡೆ ನೋಡುತ್ತ ಅಂದಳು: "ನನ್ನ ಚೊಚ್ಚಲ ಬಾಣಂತನದಾಗ ನಮ್ಮತ್ತಿ ದಿನಾ ತಲಿಗಿ ಎರೀತಿದ್ಳು. ನಾ ಮಾರಿ ಕೆಳಗ ಮಾಡಿ, ಆಕೀಗಿ ಕಾಣದಂಗ ಬಾಯಿ ತಕ್ಕೊಂಡು ಕುಂದರ್ತಿದ್ದೆ. ಹರದ ಬಂದ ನೀರೆಲ್ಲಾ ನುಂಗ್ತಿದ್ದೆ. ಸೀಗಿಪುಡಿ ಸಮೇತ."