ದೇವಿದಾಸನ ಚಂದಾ

ಬೇಮಳಖೇಡದ ಓಣಿಯ ಕೊನೆಯ ಮನೆ ಬಂದಾಗ ಸಂಘರತ್ನ ಭಂತೇಜಿ ನಿಲ್ಲದೆ ಮುಂದೆ ಹೋದರು. ಚಂದಾ ಪುಸ್ತಕ ಹಿಡಿದು ಹಿಂದೆ ಬರುತ್ತಿದ್ದ ವಿಶಾಖಾ ಕರೆದಳು.

“ಭಂತೇಜಿ, ಈ ಮನಿ ಬಿಟ್ರಲ್ರಿ?”

“ಅದು ನಮ್ಮಪ್ಪನ ಮನಿ. ಅಲ್ಲಿ ಕೇಳೋದು ಬ್ಯಾಡ್ರಿ.”

ವಿಶಾಖಾ ಬಸವಕಲ್ಯಾಣದಲ್ಲಿ ಶಿಕ್ಷಕಿ. ಹುಮನಾಬಾದಿನಲ್ಲಿ ಹೊಸ ಬೌದ್ಧ ಭಿಕ್ಷುಗಳನ್ನು ತಯಾರು ಮಾಡುವ ಶಾಲೆಗೆ ಯಾರೋ ಪುಣ್ಯವಂತರು ಹಳೆಯ ಹತ್ತಿ ಗೋದಾಮೊಂದನ್ನು ಬಿಟ್ಟುಕೊಟ್ಟಿದ್ದರು. ಕಲಿಯಲು ಬರುವ ಹುಡುಗರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರು, ಗೋದಾಮು ಉದುರುತ್ತಿತ್ತು. ಅದರ ದುರಸ್ತಿಗೆಂದು ಆಕೆ ರಜೆ ಸಿಕ್ಕಾಗಲೆಲ್ಲ ಊರೂರು ತಿರುಗುತ್ತಿದ್ದಳು. ಭಿಕ್ಷುಗಳು ಹಣ ಮುಟ್ಟುವಂತಿಲ್ಲ, ಬಾಯಿಬಿಟ್ಟು ಕೇಳುವಂತಿಲ್ಲ. ಆ ಶಾಲೆಯಲ್ಲಿ ಕಲಿಸುವ ಸಂಘರತ್ನರೂ ಜೊತೆಗೆ ಬರುತ್ತಾರೆ, ಅಷ್ಟೆ.

ಅಷ್ಟರಲ್ಲಿ ಶೇವಂತಾಬಾಯಿ ಬಾಗಿಲಿಗೆ ಬಂದಿದ್ದಳು. ಮಗನ ಕೆನ್ನೆ ಸವರಲು ಕೈ ಚಾಚಿದವಳು, ಭಿಕ್ಷುವನ್ನು ಹೆಂಗಸರು ಮುಟ್ಟಬಾರದೆಂಬುದು ನೆನಪಾಗಿ, ಕೈ ಜೋಡಿಸಿ ಬಗ್ಗಿದಳು.

“ವಂದಾಮಿ ಭಂತೇಜಿ,” ಎಂದಳು. ಆಮೇಲೆ ಮೆಲ್ಲಗೆ, “ಭಾಳ ಸೊರಗೀದಿ.”

ಒಳಗಿದ್ದ ದೇವಿದಾಸ ಏಳಲಿಲ್ಲ. ಅವನು ಗೌಂಡಿ; ಗೋಡೆ ಕಟ್ಟುವ ಕೆಲಸವನ್ನು ಒಬ್ಬನೇ ಮಗನಿಗೂ ಕೈ ಹಿಡಿದು ಕಲಿಸಿದ್ದ. ಮಗ ಕರಣಿ ಕೆಳಗಿಟ್ಟು, ಹೊಸ ಹೆಸರು ಪಡೆದು, ಭಿಕ್ಷುವಿನ ಚೀವರ ಉಟ್ಟ ದಿನದಿಂದ ಅವನೊಡನೆ ಮಾತು ಬಿಟ್ಟಿದ್ದ. ಈಗಲೂ ವಿಶಾಖಾಳ ಕಡೆ, ಅವಳ ಕೈಯಲ್ಲಿನ ಚಂದಾ ಪುಸ್ತಕದ ಕಡೆಗಷ್ಟೇ ನೋಡಿದ.

“ಮಗನ್ನೇ ಕೊಟ್ಟೇನಲ್ರಿ ಮೇಡಂ. ಇನ್ನೇನು ಕೊಡಲಿ?”

ವಿಶಾಖಾ ಚಂದಾ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಶೇವಂತಾಬಾಯಿ ಕೊಟ್ಟ ನೀರು ಕುಡಿದು ಇಬ್ಬರೂ ಹೊರಟಾಗ ಹಿಂದಿನಿಂದ ದೇವಿದಾಸನ ದನಿ ಬಂತು.

“ಆ ಗೋದಾಮಿನ್ಯಾಗ ಮಳಿ ಬಂದ್ರ ಹ್ಯಾಂಗ ಮಾಡ್ತೀರಿ?”

“ಪೋರಗೋಳು ಎಲ್ಲಾ ಒಂದೇ ಮೂಲ್ಯಾಗ ಮಲಗತಾವ್ರಿ,” ಎಂದಳು ವಿಶಾಖಾ. “ಭಂತೇಜಿಗೆ ಜಾಗ ಉಳಿಯಂಗಿಲ್ಲ. ಕುಂತೇ ಬೆಳಕ ಹರಸ್ತಾರ.”

“ಗ್ವಾಡಿ ಎದರದು?”

“ಕಲ್ಲಿಂದ್ರಿ. ಗಚ್ಚು ಪೂರಾ ಉದುರಾಕತ್ತದ.”



ಮರುವಾರ ದೇವಿದಾಸ ಬೆಳಗಿನ ಬಸ್ಸಿಗೆ ಹುಮನಾಬಾದಿನಲ್ಲಿ ಬಂದಿಳಿದ. ಹೆಗಲಿಗೆ ಸಾಮಾನಿನ ಚೀಲ, ಕೈಯಲ್ಲಿ ರೊಟ್ಟಿಯ ಗಂಟು. ಗೋದಾಮಿನ ಸುತ್ತ ಒಮ್ಮೆ ನಡೆದು, ಅಲ್ಲಲ್ಲಿ ಗೋಡೆ ತಟ್ಟಿ ನೋಡಿ, ಕೆಲಸಕ್ಕೆ ಹತ್ತಿದ. ಸುದ್ದಿ ತಿಳಿದು ಬಸವಕಲ್ಯಾಣದಿಂದ ಓಡಿಬಂದ ವಿಶಾಖಾ ಹಿಂಜರಿಯುತ್ತ ಕೇಳಿದಳು.

“ಕಾಕಾ, ಕೂಲಿ ಎಷ್ಟಂತ ಬರಕೊಳ್ಳಲಿ?”

“ಗ್ವಾಡಿ ಮುಗೀಲಿ ತಡೀರಿ.”

ಮಗನನ್ನು ಮಾತ್ರ ಮಾತಾಡಿಸಲಿಲ್ಲ. ಒಳಗೆ ಹುಡುಗರಿಗೆ ಗಾಥೆ ಹೇಳಿಕೊಡುತ್ತಿದ್ದ ಸಂಘರತ್ನರಿಗೆ ಹೊರಗಿನ ಸುತ್ತಿಗೆಯ ಸದ್ದಿನಲ್ಲಿ ಮತ್ತೆ ಮತ್ತೆ ಸಾಲು ತಪ್ಪಿತು. ಹುಡುಗರೇ ಮೆಲ್ಲಗೆ ನೆನಪಿಸಿದರು.

ಮಧ್ಯಾಹ್ನ ದೇವಿದಾಸ ಏಣಿ ಹತ್ತಿ ಕಿಟಕಿಯ ಮೇಲಿನ ಸಂದಿಗೆ ಕಲ್ಲು ಕೂಡಿಸುತ್ತಿದ್ದ. ಒಂದು ಕೈಯಲ್ಲಿ ಗಚ್ಚು ತುಂಬಿದ ಕರಣಿ. ಇನ್ನೊಂದು ಕೈಯನ್ನು ಕೆಳಗೆ ಚಾಚಿ, ತಿರುಗಿ ನೋಡದೆ, ಕೂಗಿದ.

“ಏ ಸಂಜ್ಯಾ, ಆ ಸಣ್ಣ ಕಲ್ಲು ಕೊಡಲೇ!”

ಗಾಥೆ ನಿಂತಿತು. ಆ ಹೆಸರಿನವನು ಯಾರೆಂದು ತಿಳಿಯದೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಸಂಘರತ್ನ ಭಂತೇಜಿ ಚೀವರವನ್ನು ಮೊಣಕಾಲಿಗೆ ಎತ್ತಿ ಕಟ್ಟುತ್ತ, “ಬಂದೆ ಅಪ್ಪಾ,” ಎಂದು ಹೊರಗೆ ಓಡಿದರು.