ಅಪ್ಪನ ಬಲಗಾಲು ಮತ್ತು ಹಳೆಯ ಅಂಬಾಸಿಡರ್

ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಅವರ ಪಕ್ಕದಲ್ಲಿ ಕೂತು ಓದಿ... ಸಾಧ್ಯವಾದರೆ ಅವರಿಗೂ ಕೇಳುವಂತೆ ಓದಿ.

ಹುಬ್ಬಳ್ಳಿಯ ಒಂದು ಮನೆಯ ಅಂಗಳದಲ್ಲಿ ಕೆನೆ ಬಣ್ಣದ ಹಳೆಯ ಅಂಬಾಸಿಡರ್ ಕಾರು ನಿಂತಿತ್ತು.

ಅದು ಗುರುಸಿದ್ದಪ್ಪನವರದು. ಪಂಪ್‌ಸೆಟ್ ಮಾರಲು ನವಲಗುಂದ, ರೋಣ, ಗದಗದ ಹಳ್ಳಿಗಳನ್ನೆಲ್ಲ ಅವರು ಸುತ್ತಿದ್ದು ಇದರಲ್ಲೇ.

ರಜೆ ಬಂದರೆ ಅದೇ ಕಾರು ಮನೆಮಂದಿಯನ್ನೆಲ್ಲ ಬಾದಾಮಿಗೆ, ಗೋಕಾಕ ಫಾಲ್ಸ್‌ಗೆ ಕರೆದೊಯ್ಯುತ್ತಿತ್ತು...

ಹಿಂದಿನ ಸೀಟಿನಲ್ಲಿ ಅವಲಕ್ಕಿ ಡಬ್ಬಿ, ಕಾಲ ಬಳಿ ನೀರಿನ ಕ್ಯಾನ್. ಏರು ರಸ್ತೆಯಲ್ಲಿ ಎಂಜಿನ್ ಬಿಸಿಯಾದರೆ ಗುರುಸಿದ್ದಪ್ಪ ಬೇವಿನ ಮರದ ಕೆಳಗೆ ಕಾರು ನಿಲ್ಲಿಸುತ್ತಿದ್ದರು.

"ಅದಕ್ಕೂ ದಣಿವಾಗ್ತೈತಿ, ಒಂಚೂರು ಕೂಡೂಣು" ಅನ್ನುತ್ತಿದ್ದರು.

ಮಗಳು ಸುವರ್ಣಾಳಿಗೆ ಬಾಲ್ಯವೆಂದರೆ ಆ ನೆರಳು... ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ಆ ವಾಸನೆ.

ಆಮೇಲೆ ಕಾರಿನ ಎಂಜಿನ್ ಕೆಟ್ಟು ನಿಂತಿತು. ಕೆಲವು ವರ್ಷಗಳ ನಂತರ ಗುರುಸಿದ್ದಪ್ಪನವರಿಗೂ ಸ್ಟ್ರೋಕ್ ಆಯಿತು.

ಎಡಗೈ, ಎಡಗಾಲಿನ ಶಕ್ತಿ ಕುಂದಿತು. ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡರು, ಮಾತೂ ಮರಳಿ ಬಂತು.

ಮನೆಯವರು ಅವರನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ನೀರಿಗೆಂದು ಎದ್ದರೆ ಹೆಂಡತಿ ನೀಲವ್ವ, "ನೀವು ಏಳಬ್ಯಾಡ್ರಿ, ನಾ ಕೊಡ್ತೇನಿ" ಅನ್ನುವರು.

ಬಿದ್ದ ಪೇಪರ್ ಎತ್ತಿಕೊಳ್ಳಲು ಬಗ್ಗಿದರೆ ಸುವರ್ಣಾ ಓಡಿ ಬರುವಳು. "ಅಪ್ಪಾ, ನೀ ಸುಮ್ಮನ ಕೂಡು."

ಅವರು ಸುಮ್ಮನೆ ಕೂತರು... ದಿನ ಕಳೆದಂತೆ ಮಾತೂ ನಿಂತಿತು. ಏನು ಕೇಳಿದರೂ ಬರೀ ಹೂಂ, ಊಹೂಂ.

ಕಾರು ಮತ್ತೆ ಓಡಿದರೆ ಅಪ್ಪ ಮೊದಲಿನಂತಾಗಬಹುದು ಅನ್ನಿಸಿತು ಸುವರ್ಣಾಳಿಗೆ. ಅಪ್ಪನ ಹಳೆಯ ಗೆಳೆಯ, ಮೆಕ್ಯಾನಿಕ್ ದಸ್ತಗೀರನನ್ನು ಕರೆಸಿದಳು.

ದಸ್ತಗೀರ ಎಲ್ಲಿಂದಲೋ ಬೇರೆ ಕಾರಿನ ಡೀಸೆಲ್ ಎಂಜಿನ್ ಹುಡುಕಿ ತಂದು ಕೂರಿಸಿದ. ಕಾರು ಸ್ಟಾರ್ಟ್ ಆದಾಗ ಅಕ್ಕಪಕ್ಕದವರೂ ಬಂದು ನೋಡಿದರು.

ಪಡಸಾಲೆಯಲ್ಲಿ ಕೂತಿದ್ದ ಗುರುಸಿದ್ದಪ್ಪ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು...

ಸುವರ್ಣಾಳ ಮನಸ್ಸು ಪಿಚ್ಚೆಂದಿತು. ಅದರ ಮೇಲೆ, ದಸ್ತಗೀರ ಓಡಿಸಿ ನೋಡುವಾಗ ಧಾರವಾಡ ರಸ್ತೆಯ ಏರಿನಲ್ಲಿ ಕಾರು ಬುಸ್ಸೆಂದು ಹಬೆ ಬಿಟ್ಟು ನಿಂತಿತು.

"ಎಂಜಿನ್ ಬ್ಯಾರೆ, ರೇಡಿಯೇಟರ್ ಹಳೇದು. ಇದರ ಕಾವು ಅದಕ್ಕ ತಡಕೊಳ್ಳಾಕ ಆಗವಲ್ದು" ಅಂದ ದಸ್ತಗೀರ.

ದೊಡ್ಡ ರೇಡಿಯೇಟರ್ ಬಂತು. ಅದನ್ನು ಕೂರಿಸಲು ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ಕ್ಲ್ಯಾಂಪ್ ಮಾಡಿಸಿದರು.

ಬಾಗುವ ಕಡೆ ಸರಿಯಾಗಿ ಬಾಗುವ ಹೋಸ್ ಪೈಪುಗಳು, ಕಾವನ್ನು ಹದದಲ್ಲಿಡುವ ಹೊಸ ಥರ್ಮೋಸ್ಟ್ಯಾಟ್. ಹಳೆಯ ಫ್ಯಾನಿಗೆ ಜಾಗ ಸಾಲದೆ ಕರೆಂಟಿನ ಫ್ಯಾನ್... ಒಂದೊಂದನ್ನೇ ಜೋಡಿಸಿದ ದಸ್ತಗೀರ.

ಉಳಿದದ್ದು ಎಂಜಿನ್ ತಂಪಾಗಿಡುವ ಕೂಲಂಟ್ ತುಂಬುವುದು.

"ಒಳಗ ಗಾಳಿ ಸಿಕ್ಕೊಂಡಿರ್ತೈತ್ರಿ. ಅದು ಹೊರಗ ಬರೂತನಕ ಒಬ್ಬರು ಒಂದೇ ಸಮ ಆಕ್ಸಿಲರೇಟರ್ ಒತ್ತಿ ಹಿಡೀಬೇಕು. ನಾ ಇಲ್ಲಿ ಕೂಲಂಟ್ ಹಾಕ್ತೇನಿ."

ಸುವರ್ಣಾ ಡ್ರೈವರ್ ಸೀಟಿನಲ್ಲಿ ಕೂತಳು. ಸ್ಕೂಟರ್ ಓಡಿಸಿ ರೂಢಿಯಾದವಳು. ಹೆಚ್ಚು ಒತ್ತಿದರೆ ಕೂಲಂಟ್ ಉಕ್ಕಿ ಚೆಲ್ಲುತ್ತಿತ್ತು, ಬಿಟ್ಟರೆ ಗುಳಕ್ಕನೆ ಒಳಗಿಳಿಯುತ್ತಿತ್ತು.

ದಸ್ತಗೀರ ಮುಖ ಒರೆಸಿಕೊಂಡು ಪಡಸಾಲೆಯ ಕಡೆ ತಿರುಗಿದ. ಹಳೆಯ ಸಲಿಗೆಯಿಂದ ಕರೆದ.

"ಸಿದ್ದಣ್ಣಾರ, ನೀವರ ಬರ್ರಿ ಇಲ್ಲಿ. ಸ್ವಲ್ಪ ಒತ್ತಿ ಹಿಡೀರಿ."

ನೀಲವ್ವ ಗಾಬರಿಯಾದರು. "ಏನ್ ಹೇಳ್ತೀ ದಸ್ತಗೀರಾ, ಅವರಿಗೆ ಕಾಲು..."

ಗುರುಸಿದ್ದಪ್ಪ ಆಗಲೇ ಕೋಲು ಹಿಡಿದು ಎದ್ದಿದ್ದರು.

"ನನ್ನ ಬಲಗಾಲಿಗೆ ಏನೂ ಆಗಿಲ್ಲ."

ಎಷ್ಟೋ ತಿಂಗಳಲ್ಲಿ ಅವರು ಆಡಿದ ಮೊದಲ ಪೂರ್ತಿ ಮಾತು ಅದು.

ಸೀಟಿನಲ್ಲಿ ಕೂತರು. ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ನೋಡಿದರು. ಚಪ್ಪಲಿ ಬಿಟ್ಟು, ಬರಿಗಾಲನ್ನು ಪೆಡಲಿನ ಮೇಲಿಟ್ಟರು.

ಎಂಜಿನ್ನಿನ ಸದ್ದು ಒಂದೇ ಹದಕ್ಕೆ ಬಂತು... ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಒಂದೊಂದಾಗಿ ಬಂದು ಒಡೆದವು. ಮೇಲಿನ ಹೋಸ್ ಬೆಚ್ಚಗಾಯಿತು. ಫ್ಯಾನ್ ತಾನಾಗಿ ತಿರುಗತೊಡಗಿತು.

ಟೆಂಪರೇಚರ್ ಮುಳ್ಳು ನಡುವೆ ಬಂದು ನಿಂತಿತು. ಕೆಂಪಿನ ಕಡೆ ಹೋಗಲೇ ಇಲ್ಲ.

ದಸ್ತಗೀರ ಮುಚ್ಚಳ ಹಾಕಿದ. "ಸಾಕ್ರಿ ಸಿದ್ದಣ್ಣಾರ, ಕಾಲು ತಗೀರಿ."

ಅವರು ಕಾಲು ತೆಗೆಯಲಿಲ್ಲ. ಸ್ಟೀರಿಂಗ್ ಹಿಡಿದು ತಲೆ ತಗ್ಗಿಸಿದ್ದರು. ಭುಜ ಅದುರುತ್ತಿತ್ತು.

ಸುವರ್ಣಾ ಬಾಗಿಲು ತೆರೆದಳು. "ಅಪ್ಪಾ... ಕಾಲು ನೋವಾತೇನು?"

"ಇಲ್ಲವ್ವಾ..." ಗುರುಸಿದ್ದಪ್ಪ ಕಣ್ಣೊರೆಸಿಕೊಂಡರು.

"ಎಷ್ಟ ದಿನಾ ಆತು, ಯಾರೂ ನನಗ ಒಂದ್ ಕೆಲಸಾ ಹೇಳಿರಲಿಲ್ಲ. ನಾ ಇನ್ನ ಯಾತಕ್ಕೂ ಬ್ಯಾಡಂತ ತಿಳ್ಕೊಂಡಿದ್ನಿ..."

ಸುವರ್ಣಾ ಅಪ್ಪನ ಮೊಣಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ನೀಲವ್ವ ಮೆಂತ್ಯ ಸೊಪ್ಪಿನ ಕಟ್ಟು ತಂದು ಗಂಡನ ಮುಂದಿಟ್ಟರು.

"ರೀ, ಇಷ್ಟು ಸೋಸಿ ಕೊಡ್ರಿ. ನನಗ ಒಬ್ಬಾಕಿಗೆ ಆಗವಲ್ದು."

ಅವರು ಒಂದೇ ಕೈಯಲ್ಲಿ, ನಿಧಾನವಾಗಿ ಎಲೆ ಬಿಡಿಸಿ ಸೋಸಿದರು. ನಡುನಡುವೆ ಪಂಪ್‌ಸೆಟ್ ಮಾರಿದ ಕಾಲದ ಒಂದೊಂದು ಕಥೆ ಹೇಳಿದರು...

ಅವತ್ತಿನ ಪಲ್ಯದಲ್ಲಿ ಎಲೆಗಿಂತ ದಂಟೇ ಹೆಚ್ಚಿತ್ತು. ಮೂವರೂ ಇನ್ನೊಮ್ಮೆ ಬಡಿಸಿಕೊಂಡು ಉಂಡರು.

*

ಪ್ರೀತಿಸುವವರನ್ನು ಕೂರಿಸಿ ನೋಡಿಕೊಂಡರಷ್ಟೇ ಸಾಲದು... ಅವರು ನಮಗೆ ಬೇಕು ಎಂಬುದು ಅವರಿಗೂ ಗೊತ್ತಾಗಬೇಕು.

ನಿಮ್ಮ ಮನೆಯ ಹಿರಿಯರನ್ನು "ಇದೊಂದು ಮಾಡಿಕೊಡ್ತೀರಾ?" ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ?