ಕೈಯಲ್ಲಿದ್ದ ಫ್ಲಾಪಿ

‘ಫೈಲು ಉಳಿಸಲಾಗಿದೆ’ ಎಂದಿತು ಪರದೆ. ಎರ್ರಿಸ್ವಾಮಿ ಕಣ್ಣುಜ್ಜಿಕೊಂಡ. ಉಳಿಸಬೇಕಾದ ಫ್ಲಾಪಿ ಅವನ ಕೈಯಲ್ಲಿತ್ತು. ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾನೇ ಬರೆದ, ಫೈಲನ್ನು ಫ್ಲಾಪಿಗೆ ಉಳಿಸುವ ಸ್ಕ್ರಿಪ್ಟು ಕೆಲಸ ಕೆಟ್ಟಾಗ ಕೆಟ್ಟಿತೆಂದು ಬಾಯಿ ಬಿಡುತ್ತದೋ ಇಲ್ಲವೋ ನೋಡೋಣವೆಂದು ಬೇಕೆಂದೇ ಫ್ಲಾಪಿಯನ್ನು ಹೊರಗೆಳೆದಿದ್ದ. ಮತ್ತೆ ಓಡಿಸಿದ. ‘ಫೈಲು ಉಳಿಸಲಾಗಿದೆ.’ ಬಗ್ಗಿ ಡ್ರೈವಿನ ಬಾಯೊಳಗೆ ಇಣುಕಿದ. ಖಾಲಿ. ಹಾಗಾದರೆ ಇದು ಉಳಿಸಿದ್ದಾದರೂ ಎಲ್ಲಿ?

“ಅಣ್ಣಾರೆ, ಫ್ಲಾಪಿ ಇಲ್ದಿದ್ರೂ ಉಳಿಸೀನಿ ಅಂತೈತ್ರಿ ಇದು.”

ಮಂಡಿಪೇಟೆಯ ಆ ಡಿಟಿಪಿ ಅಂಗಡಿಯ ಮಾಲೀಕ ಬಕ್ಕೇಶಪ್ಪ ಹಿಗ್ಗಿದರು. “ಭಾಳ ಚಲೋ ಆತು ಬಿಡಪ್ಪ. ಇನ್ಮ್ಯಾಲೆ ಫ್ಲಾಪಿ ತರೋ ಕೆಲ್ಸನೇ ಇಲ್ಲ!”

ನಗಬೇಕೋ ಅಳಬೇಕೋ ತಿಳಿಯದೆ ಎರ್ರಿಸ್ವಾಮಿ ಸ್ಕ್ರಿಪ್ಟನ್ನು ಸಾಲು ಸಾಲಾಗಿ ಓದಿದ. ಫೈಲು ತೆರೆಯಿತೇ, ಬರೆಯಿತೇ ಎಂದು ಅದು ಎಲ್ಲೂ ವಿಚಾರಿಸುತ್ತಲೇ ಇರಲಿಲ್ಲ. ಕೊನೆಗೆ ಬಂದು ‘ಉಳಿಸಲಾಗಿದೆ’ ಎಂದುಬಿಡುತ್ತಿತ್ತು. ಆ ಮಾತು ನಂಬಿ, ಹರಿಹರದ ಭರಮಣ್ಣ ಮಾಸ್ತರು ಬಾಯಿಪಾಠವಾಗಿ ಹೇಳಿ ಟೈಪು ಮಾಡಿಸಿದ್ದ ಇಡೀ ದೊಡ್ಡಾಟವನ್ನು ಅವನು ಕಂಪ್ಯೂಟರಿನಿಂದ ಅಳಿಸಿಹಾಕಿದ್ದ. ಇನ್ನು ಅದು ಉಳಿದಿದ್ದರೆ ಈ ಫ್ಲಾಪಿಯಲ್ಲೇ ಉಳಿದಿರಬೇಕು.

ಅಷ್ಟರಲ್ಲಿ ಮಾಸ್ತರ ಹೆಂಡತಿ ಚೌಡವ್ವ ಬಾಗಿಲಿಗೆ ಬಂದು ನಿಂತರು. “ನಮ್ಮ ಯಜಮಾನ್ರಿಗೆ ಲಕ್ವಾ ಹೊಡ್ದು ಮಾತೇ ನಿಂತೋಗೈತಪ್ಪ. ಬರೀ ಕಣ್ಣಾಗೆ ಕೇಳ್ತಾರೆ. ಅವರ ಆಟ ಜ್ವಾಪಾನ ಐತಲ್ಲ?”

“ಜ್ವಾಪಾನ ಐತವ್ವ,” ಎಂದುಬಿಟ್ಟ ಎರ್ರಿಸ್ವಾಮಿ.

ತೆರೆದೂ ನೋಡದ ಫ್ಲಾಪಿ ಇನ್ನೂ ಅವನ ಕೈಯಲ್ಲೇ ಇತ್ತು.